ಮರಣಕ್ಕೂ ಪುನರುತ್ಥಾನಕ್ಕೂ ನಡುವೆ

ಕ್ರೈಸ್ತರ ವಿಶ್ವಾಸಪ್ರಮಾಣಗಳಲ್ಲಿ ಮರಣಾನಂತರದ ವಿಚಾರವಾಗಿ ಬರುವ ಮಾತು ಅತ್ಯಂತ ಸಂಕ್ಷಿಪ್ತವಾದುದು. ಸತ್ತವರ ಪುನರುತ್ಥಾನವನ್ನೂ ಅದರಾಚೆಯ ನಿತ್ಯಜೀವವನ್ನೂ ನಂಬುವೆನೆಂದು ಅದನ್ನು ಪಠಿಸುವವನು ಹೇಳುತ್ತಾನೆಯೇ ಹೊರತು, ಆತ್ಮವು ಸ್ವಭಾವತಃ ಅಮರವೆಂದಾಗಲಿ, ದೇಹವನ್ನು ತೊರೆದ ಕ್ಷಣದಲ್ಲಿಯೇ ಅದು ಇಂಥ ಲೋಕವನ್ನು ಸೇರುವುದೆಂದಾಗಲಿ ಹೇಳುವುದಿಲ್ಲ. ಪ್ಲೇಟೋ ಚಿತ್ರಿಸಿದ ಸಾಕ್ರಟೀಸನು ವಿಷಪಾನಕ್ಕೆ ಮುನ್ನ ಶಿಷ್ಯರೆದುರಿಗೆ ಪ್ರತಿಪಾದಿಸಿದ ಆತ್ಮದ ಅಮರತ್ವವು ಒಂದು ಬಗೆಯ ಆಶ್ವಾಸನೆ. ಪೌಲನು ಕೊರಿಂಥದ ಸಭೆಗೆ ಬರೆದು ವಾದಿಸಿದ ದೇಹದ ಪುನರುತ್ಥಾನವು ಬೇರೊಂದು ಬಗೆಯದು. ಮೊದಲನೆಯದರಲ್ಲಿ ಮರಣವೆಂದರೆ ಬಿಡುಗಡೆ. ಎರಡನೆಯದರಲ್ಲಿ ಅದು ಕಟ್ಟಕಡೆಗೆ ಸೋಲಬೇಕಾದ ಶತ್ರು. ಈ ಭೇದವನ್ನು 1955ರಲ್ಲಿ ಹಾರ್ವರ್ಡಿನ ಒಂದು ಉಪನ್ಯಾಸದಲ್ಲಿ ಆಸ್ಕರ್ ಕುಲ್‌ಮನ್ ಎಂಬ ಪಂಡಿತನು ಮುಚ್ಚುಮರೆಯಿಲ್ಲದೆ ಹೇಳಿದಾಗ, ಸ್ವಮತೀಯರೇ ಅನೇಕರು ನೊಂದುಕೊಂಡರು. ಎರಡು ಸಹಸ್ರ ವರ್ಷಗಳಿಂದ ಕೂಡಿಯೇ ಬಾಳಿದ ಎರಡು ನಂಬಿಕೆಗಳು ಒಂದೇ ತಾಯಿಯ ಮಕ್ಕಳಲ್ಲವೆಂದು ಕೇಳಲು ಯಾರಿಗೆ ತಾನೆ ಹಿತವಾದೀತು?

ಆದರೆ ತೊಡಕು ಕುಲ್‌ಮನ್ ಹುಟ್ಟಿಸಿದುದಲ್ಲ. ದೇಹವು ಯುಗಾಂತ್ಯದಲ್ಲಿ ಏಳುವುದಾದರೆ, ಅಲ್ಲಿಯವರೆಗೆ ಸತ್ತವನು ಎಲ್ಲಿರುತ್ತಾನೆ? ಥೆಸಲೊನೀಕದ ಆದಿಕ್ರೈಸ್ತರು ಕ್ರಿಸ್ತನ ಪುನರಾಗಮನವನ್ನು ತಮ್ಮ ಜೀವಿತಕಾಲದಲ್ಲಿಯೇ ನಿರೀಕ್ಷಿಸುತ್ತಿದ್ದವರು. ತಮ್ಮಲ್ಲಿ ಒಬ್ಬಿಬ್ಬರು ಅದಕ್ಕೆ ಮೊದಲೇ ತೀರಿಕೊಂಡರೆಂಬ ಕಳವಳವೇ ಅವರಿಗೆ ದೊಡ್ಡದಾಗಿದ್ದಿತು, ಪೌಲನ ಪತ್ರ ಆ ಕಳವಳಕ್ಕೆ ಹೇಳಿದ ಸಮಾಧಾನ. ವರ್ಷಗಳು ಶತಮಾನಗಳಾದಂತೆ ಈ ಮಧ್ಯಂತರವು ಹಿಗ್ಗುತ್ತ ಹೋಯಿತು. ಖಾಲಿ ಬಿದ್ದ ಕಾಲವನ್ನು ಏನಾದರೊಂದರಿಂದ ತುಂಬುವುದು ಅನಿವಾರ್ಯವಾಯಿತು. ಶಾಸ್ತ್ರದ ವಾಕ್ಯಗಳಾದರೋ ಒಂದೇ ದಿಕ್ಕಿಗೆ ಕೈ ತೋರುವುದಿಲ್ಲ: ಲೂಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಕಳ್ಳನಿಗೆ ಅಂದೇ ಪರದೈಸು ಲಭಿಸುತ್ತದೆ, ಬಡ ಲಾಜರನು ಸತ್ತೊಡನೆ ಅಬ್ರಹಾಮನ ಮಗ್ಗುಲಿಗೆ ಸೇರುತ್ತಾನೆ, ಬೇರೆಡೆಗಳಲ್ಲಿ ಸತ್ತವರು ನಿದ್ರಿಸುತ್ತಾರೆ.

ಧರ್ಮಸಭೆಯ ಶಿಖರದಲ್ಲಿಯೇ ಈ ಗೊಂದಲ ಒಮ್ಮೆ ಪ್ರಕಟವಾಯಿತು. 1331ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್, ಸಂತರ ಆತ್ಮಗಳಿಗೂ ಅಂತಿಮ ನ್ಯಾಯತೀರ್ಪಿನವರೆಗೆ ಪೂರ್ಣವಾದ ಭಗವದ್ದರ್ಶನವಿಲ್ಲವೆಂದು ಬೋಧಿಸತೊಡಗಿದನು. ಪ್ಯಾರಿಸಿನ ಪಂಡಿತರು ಅದನ್ನು ವಿರೋಧಿಸಿದರು. ಮರಣಶಯ್ಯೆಯಲ್ಲಿ ಪೋಪನು ತನ್ನ ಮಾತನ್ನು ಹಿಂತೆಗೆದುಕೊಂಡನು. ಅವನ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟನು 1336ರಲ್ಲಿ, ಶುದ್ಧವಾದ ಆತ್ಮಗಳು ಪುನರುತ್ಥಾನಕ್ಕೆ ಮೊದಲೇ ದೇವರನ್ನು ಮುಖಾಮುಖಿ ಕಾಣುವುವೆಂದು ಶಾಸನ ಮಾಡಿದನು. ಅಂದಿನಿಂದ ಕಥೋಲಿಕರಿಗೆ ತೀರ್ಪುಗಳು ಎರಡು: ಪ್ರತಿಯೊಬ್ಬನಿಗೂ ಮರಣದೊಡನೆ ಒಂದು, ಲೋಕಕ್ಕೆಲ್ಲ ಯುಗಾಂತ್ಯದಲ್ಲಿ ಒಂದು.

ದೇವರ ಸ್ನೇಹದಲ್ಲಿ ಸತ್ತರೂ ಇನ್ನೂ ಶುದ್ಧನಾಗದವನಿಗಾಗಿ ಇರುವುದು ಶುದ್ಧೀಕರಣದ ಸ್ಥಿತಿ. ಅಲ್ಲಿರುವ ಆತ್ಮಗಳಿಗೆ ಬದುಕಿರುವವರ ಪ್ರಾರ್ಥನೆ, ದಾನ, ಅದರಲ್ಲಿಯೂ ಬಲಿಪೂಜೆ ನೆರವಾಗುವುದೆಂದು 1563ರಲ್ಲಿ ಟ್ರೆಂಟಿನ ಮಹಾಸಭೆ ನಿರ್ಣಯಿಸಿತು. ಅದೇ ನಿರ್ಣಯದಲ್ಲಿ, ಪಾಮರರ ಮುಂದೆ ಈ ವಿಚಾರದ ಸೂಕ್ಷ್ಮಗಳನ್ನು ಬಿಚ್ಚಬೇಡಿರೆಂದೂ, ಕುತೂಹಲ, ಮೂಢಭಕ್ತಿ, ಹಣದಾಸೆಗಳಿಗೆ ಎಡೆಗೊಡಬೇಡಿರೆಂದೂ ಬಿಷಪರಿಗೆ ಎಚ್ಚರಿಕೆ ಹೇಳಿದುದನ್ನು ಟೀಕಾಕಾರರು ಸಾಮಾನ್ಯವಾಗಿ ಮರೆಯುತ್ತಾರೆ. ಆ ಎಚ್ಚರಿಕೆ ತಡವಾಗಿ ಬಂದುದೂ ನಿಜ. 1517ರಲ್ಲಿಯೇ ಲೂಥರನು ಪಾಪದಂಡದ ವಿನಾಯಿತಿಗಳ ಮಾರಾಟವನ್ನು ಖಂಡಿಸಿ ಎದ್ದಾಗಿದ್ದಿತು. ಅವನು ಒಮ್ಮೊಮ್ಮೆ ಆತ್ಮವು ನಿದ್ರಿಸುವುದೆಂಬ ಧಾಟಿಯಲ್ಲಿ ಮಾತನಾಡಿದರೆ, ಕ್ಯಾಲ್ವಿನ್ನನು ತಾರುಣ್ಯದಲ್ಲಿ ಬರೆದ ಗ್ರಂಥವೊಂದು ಆ ನಿದ್ರಾವಾದದ ಖಂಡನೆಗೇ ಮೀಸಲಾದುದು. ಇಷ್ಟು ಭಿನ್ನರಾದರೂ ಸತ್ತವರಿಗಾಗಿ ಬದುಕಿರುವವರು ಮಾಡತಕ್ಕ ಕಾರ್ಯ ಯಾವುದೂ ಇಲ್ಲವೆಂಬ ವಿಷಯದಲ್ಲಿ ಪ್ರಾಟೆಸ್ಟಂಟರು ಬಹುಮಟ್ಟಿಗೆ ಒಮ್ಮತಕ್ಕೆ ಬಂದರು.

ಇಲ್ಲಿಯೇ ನನ್ನ ಅಭಿಪ್ರಾಯವನ್ನು ಹೇಳಿಬಿಡುವುದು ಮೇಲು. ಆತ್ಮವು ಮಧ್ಯಂತರದಲ್ಲಿ ಏನು ಮಾಡುತ್ತದೆಯೆಂಬ ಪ್ರಶ್ನೆಯ ಒಡಲಿನಲ್ಲಿ, ಆ ಅವಧಿಯಲ್ಲಿ ನಾವು ಏನು ಮಾಡಬೇಕೆಂಬ ಪ್ರಶ್ನೆ ಎಂದಿಗೂ ಅಡಗಿಯೇ ಇದ್ದಿತು. ಪರಲೋಕದ ಭೂಗೋಳವನ್ನು ಕುರಿತು ನಡೆದಂತೆ ಕಾಣುವ ವಾದಗಳೆಲ್ಲ ಇಹಲೋಕದವರ ಋಣವನ್ನು ಕುರಿತ ವಾದಗಳೇ. ಇದು ನಮ್ಮ ಓದುಗರಿಗೆ ಅಪರಿಚಿತವಾದ ಮಾತಲ್ಲ. ಸತ್ತವನು ಸಪಿಂಡೀಕರಣದವರೆಗೆ ಪ್ರೇತ, ಅನಂತರ ಪಿತೃ ಎಂದು ಗೊತ್ತುಮಾಡಿದ ಶಾಸ್ತ್ರವು ಮಗನಿಗೆ ಹನ್ನೆರಡು ದಿನಗಳ ಕೆಲಸವನ್ನೂ ಗೊತ್ತುಮಾಡಿತು. ಶರಣನು ಲಿಂಗೈಕ್ಯನಾದನೆಂದು ನಂಬಿದವರಿಗೆ ಪ್ರೇತವೂ ಇಲ್ಲ, ಪಿಂಡವೂ ಇಲ್ಲ. ನಿತ್ಯನರಕವೆಂಬ ಕಲ್ಪನೆ ಕ್ರೈಸ್ತರಿಗೆ ಮಾತ್ರ ಸೇರಿದ್ದೆನ್ನುವವರು, ತಮೋಯೋಗ್ಯರಾದ ಜೀವರಿಗೆ ಎಂದೆಂದಿಗೂ ಮುಕ್ತಿಯಿಲ್ಲವೆಂದು ಉಡುಪಿಯಲ್ಲಿ ಕುಳಿತು ಸಿದ್ಧಾಂತ ಮಾಡಿದ ಮಧ್ವಾಚಾರ್ಯರನ್ನು ಒಮ್ಮೆ ನೆನೆಯಬೇಕು.

ಕಥೋಲಿಕರಿಗೂ ಪ್ರಾಟೆಸ್ಟಂಟರಿಗೂ ನಡೆದ ಈ ವಾದದ ಎರಡು ಪಕ್ಷಗಳೂ ಒಂದೇ ಚಾವಣಿಯ ಕೆಳಗೆ, ಅಥವಾ ಚಾವಣಿ ಹಾರಿಹೋದ ನಾಲ್ಕು ಗೋಡೆಗಳ ನಡುವೆ, ಕಾಣಸಿಗುವ ಸ್ಥಳವೊಂದು ಮಲೇಶಿಯಾದ ಮಲಕ್ಕಾ ನಗರದಲ್ಲಿದೆ. 1511ರಲ್ಲಿ ಆಲ್ಬುಕರ್ಕನು ಆ ಬಂದರನ್ನು ಗೆದ್ದ ಹತ್ತು ವರ್ಷಗಳ ಮೇಲೆ ಪೋರ್ತುಗೀಜರು ಗುಡ್ಡದ ನೆತ್ತಿಯಲ್ಲಿ ಮಾತೆ ಮರಿಯಳ ಹೆಸರಿನಲ್ಲಿ ಒಂದು ಗುಡಿಯನ್ನು ಕಟ್ಟಿದರು. 1552ರ ಡಿಸೆಂಬರಿನಲ್ಲಿ ಚೀನದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಫ್ರಾನ್ಸಿಸ್ ಕ್ಸೇವಿಯರನ ಶರೀರವನ್ನು ಮರುವರ್ಷದ ಮಾರ್ಚಿಯಲ್ಲಿ ಇಲ್ಲಿಗೆ ತಂದು ಹೂಳಿದರು; ಸುಣ್ಣದಲ್ಲಿ ಮುಚ್ಚಿಟ್ಟಿದ್ದರೂ ಅದು ಕೆಟ್ಟಿರಲಿಲ್ಲವೆಂಬುದು ಅಂದಿನವರ ಸಾಕ್ಷ್ಯ. ಸುಮಾರು ಒಂಬತ್ತು ತಿಂಗಳ ಮೇಲೆ ಅದನ್ನು ತೆಗೆದು ಗೋವೆಗೆ ಸಾಗಿಸಿದರು. ನಮ್ಮ ಕರಾವಳಿಯ ಕಥೋಲಿಕರು ದಶಕಕ್ಕೊಮ್ಮೆ ಹಳೆಯ ಗೋವೆಗೆ ಹೋಗಿ ದರ್ಶನ ಮಾಡುವುದು ಆ ಶರೀರವನ್ನೇ. ಅದರ ಬಲಗೈ ಮಾತ್ರ 1614ರಲ್ಲಿ ಬೇರೆಯಾಗಿ ರೋಮಿಗೆ ಹೋಯಿತು. ಮಲಕ್ಕಾದಲ್ಲಿ ಉಳಿದಿರುವುದು ತಂತಿಯ ಜಾಲರಿ ಮುಚ್ಚಿದ ಖಾಲಿ ಕುಣಿ. (ದಹನಕ್ಕೆ 1963ರಲ್ಲಿ ಅನುಮತಿಯಿತ್ತ ರೋಮು, 2016ರಲ್ಲಿ, ಚಿತಾಭಸ್ಮವನ್ನು ಬಂಧುಗಳು ಹಂಚಿಕೊಳ್ಳಕೂಡದೆಂದು ವಿಧಿಸಿತು. ಸಂತರ ಅವಶೇಷಗಳಿಗೆ ನ್ಯಾಯ ಬೇರೆಯೆಂದು ಸಮರ್ಥಿಸಬಹುದು; ಕಿರುನಗೆಯನ್ನು ತಡೆಯುವುದು ಮಾತ್ರ ಕಷ್ಟ.)

1641ರಲ್ಲಿ ಡಚ್ಚರು ಊರನ್ನು ಹಿಡಿದು, ಆ ಗುಡಿಗೆ ಸಂತ ಪೌಲನ ಹೆಸರಿಟ್ಟು, ತಮ್ಮ ಸುಧಾರಿತ ಪಂಥದ ಆರಾಧನೆಯನ್ನು ಅಲ್ಲಿ ನಡೆಸಿದರು. 1753ರಲ್ಲಿ ಗುಡ್ಡದ ಬುಡದಲ್ಲಿ ಹೊಸ ಕ್ರೈಸ್ಟ್ ಚರ್ಚ್ ಮುಗಿದ ಮೇಲೆ ಹಳೆಯದು ಗಣ್ಯರ ಶ್ಮಶಾನವಾಯಿತು. ಗೋಡೆಗಳಿಗೆ ಒರಗಿಸಿ ನಿಲ್ಲಿಸಿರುವ ಭಾರಿ ಕಲ್ಲುಗಳಲ್ಲಿ ಸತ್ತವನ ಹೆಸರು, ಪದವಿ, ವಂಶಲಾಂಛನಗಳನ್ನು ಕೊರೆದಿದೆ. ಓದುಗನಿಂದ ಪ್ರಾರ್ಥನೆಯನ್ನು ಬೇಡುವ ಮಾತಿಗೆ ಅವರ ಸಿದ್ಧಾಂತದಲ್ಲಿ ಅವಕಾಶವೇ ಇರಲಿಲ್ಲ. 1618–19ರ ಡಾರ್ಡ್ರೆಕ್ಟಿನ ಧರ್ಮಸಭೆಯಂತೂ, ಶವಸಂಸ್ಕಾರದ ವೇಳೆಯ ಉಪದೇಶವನ್ನು ಕೂಡ, ರೂಢಿಯಿಲ್ಲದ ಕಡೆ ಹೊಸದಾಗಿ ತರಬೇಡಿರೆಂದಿತು. ಈ ಕಾಠಿಣ್ಯವನ್ನು ನಿರ್ದಯವೆಂದು ತಳ್ಳಿಬಿಡುವುದು ಸುಲಭ. ಆದರೆ ಧನಿಕನ ಆತ್ಮಕ್ಕೆ ನೂರು ಪೂಜೆ, ದರಿದ್ರನ ಆತ್ಮಕ್ಕೆ ಒಂದೂ ಇಲ್ಲವೆಂಬ ವಿಷಮತೆಯನ್ನು ಅದು ಒಂದೇ ಏಟಿಗೆ ತೊಡೆದುಹಾಕಿತೆಂಬುದನ್ನು ಮರೆಯಬಾರದು. ಸತ್ತವನು ದೇವರ ಕೈ ಸೇರಿದನು. ಇನ್ನು ನಮ್ಮ ಕೈ ಅಲ್ಲಿಗೆ ನೀಳುವುದಿಲ್ಲ. ಇದರಲ್ಲಿ ಒಂದು ಗಾಂಭೀರ್ಯವಿದೆ; ಮೊಮ್ಮಕ್ಕಳು ಗೋರಿಯ ಬಳಿ ಏನು ಮಾಡಬೇಕೆಂಬುದಕ್ಕೆ ಉತ್ತರವಿಲ್ಲ.

ಅದೇ ಗೋಡೆಗಳ ನಡುವೆ ಇನ್ನೊಂದು ಕಲ್ಲಿದೆ. 1598ರಲ್ಲಿ ಸಿಂಗಪುರದ ಜಲಸಂಧಿಯಲ್ಲಿ ತೀರಿಕೊಂಡ, ಜಪಾನಿನ ಬಿಷಪನಾಗಿದ್ದ ಪೀಟರನೆಂಬವನದು. ಜಪಾನಿನ ಹೆಸರು ಈ ಗುಡ್ಡದ ಮೇಲೆ ಬಂದುದು ಆಕಸ್ಮಿಕವಲ್ಲ. 1547ರಲ್ಲಿ ಕ್ಸೇವಿಯರನು ಆಂಜಿರೋ ಎಂಬ ಜಪಾನೀಯನನ್ನು ಸಂಧಿಸಿದುದು ಮಲಕ್ಕಾದಲ್ಲಿ. 1549ರಲ್ಲಿ ಅವನೊಡನೆ ಜಪಾನಿಗೆ ಹೊರಟುದೂ ಇಲ್ಲಿಂದಲೇ. ಅಲ್ಲಿಂದ ಹಿಂತಿರುಗಿ 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅವನು ತಿಳಿಸುವ ಸಂಗತಿಯೊಂದುಂಟು. ಆತ್ಮದ ಗತಿಯನ್ನು ಕುರಿತ ದೊಡ್ಡ ದೊಡ್ಡ ಗ್ರಂಥಗಳಿಗಿಂತ ಅದು ನನ್ನನ್ನು ಹೆಚ್ಚಾಗಿ ಕಾಡಿದೆ. ಹೊಸದಾಗಿ ಕ್ರೈಸ್ತರಾದ ಜಪಾನೀಯರಿಗೆ ಒಂದೇ ದುಃಖ: ಸುವಾರ್ತೆಯನ್ನು ಕೇಳದೆ ಸತ್ತುಹೋದ ತಮ್ಮ ತಂದೆತಾಯಿಗಳು, ಮಡದಿಮಕ್ಕಳು ನರಕದಲ್ಲಿರುವರೇ? ದಾನದಿಂದಲೋ ಪ್ರಾರ್ಥನೆಯಿಂದಲೋ ಅವರಿಗೆ ಏನಾದರೂ ಉಪಾಯವುಂಟೇ? ಉಪಾಯವಿಲ್ಲವೆಂದು ಕ್ಸೇವಿಯರನು ಉತ್ತರಿಸಿದನು. ಅವರು ಅತ್ತರು, ದೇವರು ಅವರನ್ನೇಕೆ ಬಿಡಿಸಲಾರನೆಂದು ಮರಳಿ ಕೇಳಿದರು. ಅವರ ಅಳುವನ್ನು ಕಂಡು ತನಗೂ ಸಂಕಟವಾಯಿತೆಂದು ಅವನೇ ಬರೆದಿದ್ದಾನೆ. ತನ್ನ ಧರ್ಮದ ದೇವರು ನ್ಯಾಯವಂತನೆಂದು ತೋರಿಸಲು, ಕೊಲೆ ಕಳವುಗಳು ಪಾಪವೆಂಬ ಅರಿವನ್ನು ದೇವರು ಎಲ್ಲರ ಅಂತರಂಗದಲ್ಲಿಯೂ ಮೊದಲೇ ಬರೆದಿರುವನೆಂದು ಅವನು ವಾದಿಸಿದನು. ಈ ವಾದವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿದ್ದರೆ, ಆ ಅರಿವಿಗೆ ಅನುಗುಣವಾಗಿ ಬದುಕಿದ ಅಜ್ಜನ ಗತಿಯೇನೆಂಬ ಪ್ರಶ್ನೆಗೆ ಬೇರೆಯ ಉತ್ತರವೇ ಹುಟ್ಟುತ್ತಿತ್ತು. ಆ ಹೆಜ್ಜೆಯನ್ನು ಅವನು ಇಡಲಿಲ್ಲ.

ಶುದ್ಧೀಕರಣದ ತತ್ತ್ವವಾಗಲಿ, ನಿದ್ರೆಯ ತತ್ತ್ವವಾಗಲಿ ಈ ಜಪಾನೀಯರ ಪ್ರಶ್ನೆಗೆ ಹತ್ತಿರವೂ ಸುಳಿಯುವುದಿಲ್ಲವೆಂಬುದನ್ನು ಗಮನಿಸಬೇಕು. ಯುರೋಪಿನವರು ಜಗಳವಾಡಿದುದು ದೀಕ್ಷಾಸ್ನಾನ ಪಡೆದು ಸತ್ತವರ ಮಧ್ಯಂತರವನ್ನು ಕುರಿತು. ಪೂರ್ವದೇಶಗಳಲ್ಲಿ ಕ್ರೈಸ್ತನಾದವನು ಮೊದಲು ಕೇಳುವುದು ಅದನ್ನು ಪಡೆಯದೆ ಸತ್ತ ಹಿರಿಯರನ್ನು ಕುರಿತು. ಮಲೇಶಿಯಾದಲ್ಲಿ ಇಂದಿಗೂ ಹೀಗೆಯೇ. 2020ರ ಜನಗಣತಿಯಂತೆ ಆ ದೇಶದಲ್ಲಿ ಕ್ರೈಸ್ತರು ನೂರಕ್ಕೆ 9.1 ಮಂದಿ, ಸರವಾಕ್ ರಾಜ್ಯದಲ್ಲಿ ಸರಿಸುಮಾರು ಅರ್ಧದಷ್ಟು. ಇವರಲ್ಲಿ ಬಹುಮಂದಿಯ ವಂಶದಲ್ಲಿ ಕೆಲವೇ ತಲೆಮಾರುಗಳ ಹಿಂದೆ ಹೋದರೆ ಕ್ರೈಸ್ತೇತರ ಗೋರಿ ಎದುರಾಗುತ್ತದೆ. ಸಬಾ ರಾಜ್ಯದ ಕಡಜಾನ್-ದುಸುನ್ ಜನರ ಪೂರ್ವಿಕರು ಸತ್ತವರ ಆತ್ಮಗಳು ಕಿನಬಾಲು ಪರ್ವತವನ್ನು ಸೇರುವುವೆಂದು ನಂಬಿದ್ದರು. ಅವರ ಮೊಮ್ಮಕ್ಕಳು ಇಂದು ಪರ್ವತವನ್ನು ನೋಡುತ್ತ ಇಗರ್ಜಿಗೆ ಹೋಗುತ್ತಾರೆ.

ಚೀನೀಯ ಕುಟುಂಬಗಳಲ್ಲಿ ಈ ಇಕ್ಕಟ್ಟು ಇನ್ನೂ ತೀಕ್ಷ್ಣ. ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬರುವ ಚೆಂಗ್ ಬೆಂಗ್ ದಿನ, ಮಲಕ್ಕಾದ ಬುಕಿತ್ ಚೀನದಂಥ ವಿಶಾಲವಾದ ಶ್ಮಶಾನಗಳಿಗೆ ಮನೆಮಂದಿಯೆಲ್ಲ ಹೋಗಿ, ಹುಲ್ಲು ಕಿತ್ತು, ಊದಿನಕಡ್ಡಿ ಹಚ್ಚಿ, ಎಡೆಯಿಟ್ಟು, ಕಾಗದದ ಹಣವನ್ನು ಸುಡುತ್ತಾರೆ. ಮಗನು ಕ್ರೈಸ್ತನಾದರೆ ತನ್ನ ಗೋರಿಗೆ ಯಾರೂ ಇಲ್ಲವಾಗುವರೆಂಬುದೇ ಮುದುಕರಿಗೆ ದೊಡ್ಡ ಭೀತಿ. ಈ ಆಚಾರಗಳನ್ನು ರೋಮು 1704ರಲ್ಲಿ ನಿಷೇಧಿಸಿ, 1715ರಲ್ಲಿ ಪುನರುಚ್ಚರಿಸಿ, 1742ರಲ್ಲಿ ಮಿಶನರಿಗಳಿಗೆ ಪ್ರಮಾಣವಚನವನ್ನೇ ವಿಧಿಸಿತು. ಪೂರ್ವದೇಶಗಳ ಪಾದ್ರಿಗಳನ್ನು ತಯಾರಿಸಲೆಂದು 1808ರಲ್ಲಿ ಪೆನಾಂಗಿನಲ್ಲಿ ನೆಲೆಗೊಂಡ ಸೆಮಿನರಿ ಬೆಳೆದುದು ಈ ನಿಷೇಧದ ನೆರಳಿನಲ್ಲಿ. 1939ರಲ್ಲಿ ರೋಮು ಬಹುಪಾಲು ಸಡಿಲಿಸಿತು. ಪ್ರಾಟೆಸ್ಟಂಟರು ಸಡಿಲಿಸಲಿಲ್ಲ, ಅವರ ಯುವಕರು ಊದಿನಕಡ್ಡಿಯ ಬದಲು ಹೂವನ್ನು ಹಿಡಿದು ನಿಲ್ಲುತ್ತಾರೆ. ಇಲ್ಲಿ ಕನ್ನಡಿಗರಿಗೆ ಒಂದು ಹತ್ತಿರದ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನೇ ದಕ್ಷಿಣ ಚೀನದ ಹಕ್ಕಾ ಜನರಲ್ಲಿಯೂ ಕೆಲಸ ಮಾಡಿತು. ಆ ಹಕ್ಕಾ ಕ್ರೈಸ್ತರು 1882ರಿಂದೀಚೆಗೆ ಉತ್ತರ ಬೋರ್ನಿಯೋಕ್ಕೆ ವಲಸೆ ಬಂದು ಕಟ್ಟಿದುದು ಇಂದಿನ ಸಬಾದ ಬಾಸೆಲ್ ಸಭೆ. ತುಳುನಾಡಿನಲ್ಲಿ ಬಾಸೆಲಿನವರ ಸಭೆಗೆ ಸೇರಿದವನು ದೈವದ ಕೋಲದೊಡನೆ ಆಟಿಯ ತಿಂಗಳಲ್ಲಿ ಕುಲೆಗಳಿಗೆ, ಎಂದರೆ ಸತ್ತವರ ಆತ್ಮಗಳಿಗೆ, ಬಡಿಸುವುದನ್ನೂ ಬಿಟ್ಟನು. ಹಕ್ಕಾ ಕ್ರೈಸ್ತನು ಅಜ್ಜನ ಹೆಸರು ಬರೆದ ಪೀಠಫಲಕವನ್ನು ಬಿಟ್ಟನು. ಇಬ್ಬರೂ ತೆತ್ತ ಬೆಲೆ ಒಂದೇ: ಜೀವಂತ ನೆಂಟರೊಡನೆ ಬಂದ ಮನಸ್ತಾಪ.

ಜಪಾನೀಯರ ಪ್ರಶ್ನೆಗೆ ರೋಮಿನಿಂದ ಬೇರೆಯ ಉತ್ತರ ಬಂದುದು 1964ರಲ್ಲಿ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಅಂತಸ್ಸಾಕ್ಷಿಗೆ ಅನುಸಾರವಾಗಿ ನಡೆದವರಿಗೂ ರಕ್ಷಣೆ ಸಾಧ್ಯವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. 1968ರಲ್ಲಿ ಬಂದ ಹೊಸ ಬಲಿಪೂಜಾ ಪ್ರಾರ್ಥನೆಯೊಂದರಲ್ಲಿ, ಯಾರ ವಿಶ್ವಾಸವನ್ನು ದೇವರೊಬ್ಬನೇ ಬಲ್ಲನೋ ಅಂಥ ಮೃತರೆಲ್ಲರ ಸ್ಮರಣೆಯೂ ಸೇರಿತು. ಮಲೇಶಿಯಾದ ಕಥೋಲಿಕನು ತಾವೋ ಮತದ ತನ್ನ ಅಜ್ಜನಿಗಾಗಿ ಸಂಕೋಚವಿಲ್ಲದೆ ಪ್ರಾರ್ಥಿಸಲು ಇದು ಸಾಕು. ಪ್ರಾಟೆಸ್ಟಂಟನಿಗೆ ಈ ಮಾರ್ಗವೂ ಮುಚ್ಚಿದೆ; ಅವನ ಸ್ಮರಣಾರಾಧನೆಗಳು ಬದುಕಿರುವವರ ಸಾಂತ್ವನಕ್ಕಾಗಿ ಮಾತ್ರ, ಮತ್ತು ಅಜ್ಜನ ವಿಷಯದಲ್ಲಿ ಅವನು ದೇವರ ನ್ಯಾಯವನ್ನು ನಂಬಿ ಸುಮ್ಮನಿರಬೇಕು. ಸುಮ್ಮನಿರುವುದು ಒಮ್ಮೊಮ್ಮೆ ನರಕದ ನಕ್ಷೆ ಬರೆಯುವುದಕ್ಕಿಂತ ಪ್ರಾಮಾಣಿಕವೆಂಬುದನ್ನು ಒಪ್ಪುತ್ತೇನೆ. ಆದರೆ ಅತ್ತವರಿಗೆ ಅದು ಉತ್ತರವಲ್ಲ.

ಹೊಸ ಉತ್ತರದಿಂದ ಹೊಸ ತೊಡಕೊಂದು ಹುಟ್ಟಿತೆಂಬುದನ್ನು ಮರೆಮಾಡಲಾಗದು. ಸುವಾರ್ತೆಯನ್ನು ಕೇಳದವನಿಗೂ ರಕ್ಷಣೆಯುಂಟಾದರೆ ಕ್ಸೇವಿಯರನು ಮಲಕ್ಕಾದಿಂದ ಹಡಗು ಹತ್ತಿದುದೇಕೆ? 1965ರಲ್ಲಿ ಅದೇ ಮಹಾಸಭೆ, ಅರಿಯದವರನ್ನು ದೇವರು ತನಗೆ ಮಾತ್ರ ಗೊತ್ತಿರುವ ದಾರಿಗಳಿಂದ ಸೆಳೆದುಕೊಳ್ಳಬಲ್ಲನೆಂದೂ, ಆದರೂ ಸಾರುವ ಕರ್ತವ್ಯ ತನಗೆ ತಪ್ಪಿದ್ದಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿತು. ತಾರ್ಕಿಕನಿಗೆ ಇದು ತೃಪ್ತಿಯನ್ನು ಕೊಡಲಾರದು. ಎರಡರಲ್ಲಿ ಯಾವುದನ್ನೂ ಬಿಡಲಾರದವರು ಎರಡನ್ನೂ ಹಿಡಿದು ನಿಂತ ಭಂಗಿ ಅದು. ಜಪಾನೀಯರ ಕಣ್ಣೀರನ್ನು ಕಂಡು ಸಂಕಟಪಟ್ಟೂ ಉಪಾಯವಿಲ್ಲವೆಂದವನ ಖಚಿತವಾದ ತರ್ಕಕ್ಕಿಂತ ಈ ಅಪೂರ್ಣವಾದ ನಿಲುವೇ ಸತ್ಯಕ್ಕೆ ಸಮೀಪವೆಂದು ನನಗೆ ತೋರುತ್ತದೆ.