ಐವತ್ತೆರಡೋ, ಇಪ್ಪತ್ತೈದೋ?

ಶಾಲೆಗಳು ತೆರೆದು ಕೆಲವು ವಾರಗಳಾದುವು. ಮುಂಬಯಿಯ ಎರಡನೆಯ ಇಯತ್ತೆಯ ಮಕ್ಕಳು ನೂರರವರೆಗಿನ ಅಂಕಿಗಳನ್ನು ಓದಿ ಬರೆಯುವ ಪಾಠದಲ್ಲಿ ತೊಡಗಿದ್ದಾರೆ. ನೋಡುವುದಕ್ಕೆ ಸುಲಭದ ಪಾಠ. ಆದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು, ಓಣಿಯಲ್ಲಿ ಹಿಂದಿ, ಹೀಗೆ ಬೆಳೆಯುವ ನಮ್ಮ ಮಕ್ಕಳಿಗೆ ಇದು ಸಣ್ಣ ಪರೀಕ್ಷೆಯೇ ಸರಿ.

ಗುರುಗಳು 'ಪಂಚವೀಸ್' ಎನ್ನುತ್ತಾರೆ. ಮಗುವಿನ ಕಿವಿಗೆ ಮೊದಲು ಬೀಳುವುದು ಐದು, ಆಮೇಲೆ ಇಪ್ಪತ್ತು. ಕೇಳಿದ ಕ್ರಮದಲ್ಲಿಯೇ ಬರೆದರೆ ೫೨ ಆಯಿತು! 'ಬಾವನ್ನ' ಎಂದಾಗ ಎರಡು ಮುಂದೆ ಬಂದು ೨೫ ಆಗುತ್ತದೆ. ತಂದೆತಾಯಿಗಳು ನೋಟುಬುಕ್ಕು ನೋಡಿ, "ಇವನಿಗೆ ಲೆಕ್ಕ ಹತ್ತುವುದೇ ಇಲ್ಲ" ಎಂದು ತಲೆಗೆ ಕೈ ಹಚ್ಚಿಕೊಂಡು ಕೂಡುತ್ತಾರೆ. ಪಾಪ, ಕಿವಿಗೆ ಒಂದು ಕ್ರಮ, ಕೈಗೆ ಇನ್ನೊಂದು ಕ್ರಮವಾದರೆ ಮಗುವಾದರೂ ಏನು ಮಾಡೀತು? ಎರಡು ಅಂಕಿಗಳು ಸ್ಥಾನ ಬದಲಿಸಿದರೆ ದೊಡ್ಡವರ ಬಿಲ್ಲುಗಳೇ ಹಿಂದಕ್ಕೆ ಬರುವುದನ್ನು ಕಚೇರಿಯಲ್ಲಿ ದಿನವೂ ಕಾಣುವ ಗುಮಾಸ್ತ ನಾನು.

ನಮ್ಮ ಕನ್ನಡದ ರೀತಿಯನ್ನು ನೋಡಿರಿ. ಇಪ್ಪತ್ತು, ಐದು: ಇಪ್ಪತ್ತೈದು. ಬರೆಯುವ ಕ್ರಮವೇ ನುಡಿಯುವ ಕ್ರಮ. ಹನ್ನೊಂದರಿಂದ ತೊಂಬತ್ತೊಂಬತ್ತರವರೆಗೂ ಇದೇ ನಡೆ. ಇಂಗ್ಲಿಷಿನ 'ಟ್ವೆಂಟಿಫೈವ್' ಕೂಡ ಹೀಗೆಯೇ ನಡೆಯುತ್ತದೆ. ಆದರೆ 'ಫೋರ್ಟೀನ್' ಎಂಬಲ್ಲಿ ನಾಲ್ಕು ಮುಂದೆ ನುಗ್ಗುವುದರಿಂದ ಮಕ್ಕಳು ೪೧ ಬರೆಯುವುದುಂಟು. ನಮ್ಮ ಹದಿನಾಲ್ಕರಲ್ಲಿ ಆ ಕಾಟವಿಲ್ಲ.

ಮರಾಠಿಯಲ್ಲಿ ಐವತ್ತೊಂಬತ್ತಕ್ಕೆ 'ಏಕೋಣಸಾಠ್', ಎಂದರೆ ಅರವತ್ತಕ್ಕೆ ಒಂದು ಕಡಿಮೆ. ಹಿಂದಿಯ 'ಉನಸಠ್' ಸಹ ಅದೇ. ಸಂಸ್ಕೃತದ 'ಏಕೋನ'ದಿಂದ ಬಂದ ಹಳೆಯ ಸೊತ್ತು ಇದು. ನಗುವ ಕಾರಣವಿಲ್ಲ. ನಮ್ಮ ಒಂಬತ್ತರ ಹೊಟ್ಟೆಯಲ್ಲಿಯೂ 'ಪತ್ತು' ಅಡಗಿದೆ. ಹತ್ತಕ್ಕೆ ಒಂದು ಕಡಿಮೆ ಎಂದೇ ಭಾಷಾಪಂಡಿತರು ಅದನ್ನು ಬಿಡಿಸುತ್ತಾರೆ.

ಈ ತೊಡಕು ಕನ್ನಡಿಗರ ಮಕ್ಕಳಿಗೆ ಮಾತ್ರ ಎಂದು ತಿಳಿಯಬೇಡಿರಿ. ೨೦೧೯ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು ಎರಡನೆಯ ಇಯತ್ತೆಯ ಗಣಿತದಲ್ಲಿ 'ಏಕವೀಸ್' ಜೊತೆಗೆ 'ವೀಸ್ ಏಕ್' ಎಂಬ ರೀತಿಯನ್ನೂ ತಂದಿತು. ದೊಡ್ಡ ಗದ್ದಲವೇ ಎದ್ದಿತು. ಮಾತು ವಿಧಾನಸಭೆಯವರೆಗೂ ಹೋಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಲಾ ನಾರಳೀಕರರು ಇದು ಮಕ್ಕಳಿಗೆ ಸುಲಭವೆಂದು ಸಮರ್ಥಿಸಿದರು. ೨೦೨೩ರಲ್ಲಿ ಅವರು ತೀರಿಕೊಂಡರು. ಅಷ್ಟು ವಾದಕ್ಕೆ ಗುರಿಯಾದ ಆ ಕ್ರಮ ನಮ್ಮ ಅಜ್ಜಿಯರ ಬಾಯಲ್ಲಿ ಎಂದಿನಿಂದಲೂ ಇದೆ.

ಆದರೂ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಮಗು ಗೊಂದಲಗೊಂಡಿತೆಂದು ನಾವು ಮೊದಲು ಕೈಬಿಡುವುದು ಕನ್ನಡದ ಎಣಿಕೆಯನ್ನೇ. ಮಾತೆಲ್ಲ ಕನ್ನಡ, ಅಂಕಿ ಬಂದೊಡನೆ ಪರಭಾಷೆ. ಅಜ್ಜಿ "ಅರವತ್ತೆಂಟು ರೂಪಾಯಿ" ಎಂದರೆ, "ಅಂದರೆ ಎಷ್ಟಜ್ಜಿ?" ಎಂದು ಕೇಳುವ ಮೊಮ್ಮಕ್ಕಳು ನಮ್ಮಲ್ಲಿ ಕಡಿಮೆಯೇ? ಎಣಿಕೆ ಹೋಯಿತೆಂದರೆ ವಯಸ್ಸು, ತಾರೀಖು, ಸಂತೆಯ ದರ, ಎಲ್ಲವೂ ಅದರ ಬೆನ್ನು ಹಿಡಿದು ಹೋಗುತ್ತವೆ. ರಜೆಯಲ್ಲಿ ಊರಿಗೆ ಹೋದಾಗ ಮಗು ಕಿರಾಣಿ ಅಂಗಡಿಯ ಮುಂದೆ ಬೆಪ್ಪಾಗಿ ನಿಲ್ಲುತ್ತದೆ. ಒಂದು ಭಾಷೆ ಮನೆಯಿಂದ ಹೊರಬೀಳುವುದು ಹೀಗೆಯೇ, ಸದ್ದಿಲ್ಲದೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಬಸ್ಸಿನ ನಂಬರನ್ನು ಕನ್ನಡದಲ್ಲಿ ಓದಿಸಿರಿ. ಒಂದು ಹಿಡಿ ಕಡಲೆಕಾಳು ಕೊಟ್ಟು ಹತ್ತು ಹತ್ತರ ಗುಂಪು ಮಾಡಿಸಿರಿ. ಐದು ಗುಂಪು, ಎರಡು ಬಿಡಿ: ಐವತ್ತೆರಡು. 'ಬಾವನ್ನ' ಎಂದರೂ ಇದೇ ರಾಶಿ ಎಂದು ತೋರಿಸಿರಿ. ಮರಾಠಿ ಬಿಡಿಯನ್ನು ಮೊದಲು ನುಡಿಯುತ್ತದೆ, ಕೈ ಹತ್ತನ್ನು ಮೊದಲು ಬರೆಯುತ್ತದೆ. ಇಷ್ಟು ತಿಳಿದ ಮಗುವಿಗೆ ಎರಡೂ ಭಾಷೆ ಹಗುರ. ಮರಾಠಿ ನಮಗೆ ಅನ್ನ ಕೊಟ್ಟ ನಾಡಿನ ನುಡಿ, ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ಜೊತೆಗೆ ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಎಂಬ ಮಗ್ಗಿಯೂ ಕೇಳಿಸಲಿ.

ಮುಂದಿನ ಸಂಚಿಕೆಯಲ್ಲಿ ಸವ್ವಾ, ದೀಡ್, ಅಡೀಚ್‌ಗಳ ವಿಚಾರ. ಅಷ್ಟರೊಳಗೆ ನಿಮ್ಮ ಮನೆಯ ಚಿಕ್ಕವರು ಎಲ್ಲಿಯವರೆಗೆ ಎಣಿಸಿದರೆಂದು ಒಂದು ಸಾಲು ಬರೆದು ತಿಳಿಸುವಿರಾ?