ಹೆಳವರ ಹೊತ್ತಿಗೆಗೆ ಅಡಿಟಿಪ್ಪಣಿ ಏಕಿಲ್ಲ?

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದವರ ಮೊಮ್ಮಕ್ಕಳು ಹಡಗಿನ ಪಟ್ಟಿ, ಚರ್ಚಿನ ದಾಖಲೆ ಹಿಡಿದು ಪೂರ್ವಜರನ್ನು ಹುಡುಕಿದರೆ ಅದು ಇತಿಹಾಸ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೈತರ ಮನೆಗೆ ಸುಗ್ಗಿ ಮುಗಿದ ಮೇಲೆ ಬರುವ ಹೆಳವರು, ಮನೆತನ ಯಾವ ಊರಿಂದ ಬಂತು, ಯಾರಿಗೆ ಯಾರು ಹುಟ್ಟಿದರು ಎಂದು ಹೇಳಿದರೆ ಅದು ಬರೀ ಜಾನಪದ. ಸಂಶೋಧನೆಯ ಈ ತಾರತಮ್ಯಕ್ಕೆ ನನ್ನ ತಕರಾರಿದೆ.

ಹೆಳವರ ಹೊತ್ತಿಗೆಯಲ್ಲಿ ತಪ್ಪೇ ಇಲ್ಲ ಎನ್ನುತ್ತಿಲ್ಲ. ಕಾಳು, ಬಟ್ಟೆ, ದನ ಕೊಟ್ಟವರನ್ನು ಹೊಗಳುವುದು ಆ ಕಸುಬಿನಲ್ಲೇ ಇದೆ. ಆದರೆ ದಾನ ಕೊಟ್ಟ ಅರಸರನ್ನು ಹೊಗಳುವ ಶಾಸನಗಳನ್ನೂ ನಾವು ಪರೀಕ್ಷಿಸಿ ಬಳಸುತ್ತೇವಲ್ಲ? ಹಾನಗಲ್ಲ ಕದಂಬರ ಶಾಸನಕ್ಕೆ ಸಿಗುವ ಅಡಿಟಿಪ್ಪಣಿ ಈ ಹೊತ್ತಿಗೆಗೂ ಸಿಗಲಿ. ಕಲ್ಲು ಕಾಯುತ್ತದೆ. ಹೆಳವರ ಮಕ್ಕಳು ಕಸುಬು ಬಿಟ್ಟರೆ, ಶಾಸನವೇ ಇಲ್ಲದ ಮನೆಗಳ ಚರಿತ್ರೆ ಅಲ್ಲಿಗೇ ಮುಗಿಯುತ್ತದೆ.