ಮನೆವಾರ್ತೆ: ರಜೆಗೆ ಬರುವ ಮಕ್ಕಳ ದಾರಿಖರ್ಚು

ದಸರೆ, ದೀಪಾವಳಿ ಹತ್ತಿರ ಬಂತೆಂದರೆ, ಓದಲು ಹೊರಗೆ ಹೋದ ಮಕ್ಕಳಿರುವ ಮನೆಗಳಲ್ಲಿ ತಾಯಂದಿರ ಕೈ ತಾನಾಗಿಯೇ ಡಬ್ಬಿಗಳ ಕಡೆ ಹೋಗುತ್ತದೆ. ಹಲಸಿನ ಹಪ್ಪಳ ಇನ್ನೆಷ್ಟು ಉಳಿದಿದೆ, ಅಪ್ಪೆಮಿಡಿ ಭರಣಿಯ ತಳ ಕಾಣುತ್ತಿದೆಯೇ, ಚಕ್ಕುಲಿಗೆ ಹಿಟ್ಟು ಮಾಡಿಸಬೇಕೇ ಎಂಬ ಲೆಕ್ಕ ಶುರುವಾಗುತ್ತದೆ. ಅಷ್ಟರಲ್ಲಿ ಫೋನು ಬರುತ್ತದೆ: "ಅಮ್ಮಾ, ಈ ಸಲ ಬರೋದು ಕಷ್ಟ. ಓದೋದು ತುಂಬಾ ಇದೆ."

ಓದುವುದು ಇರಬಹುದು ಸೋದರಿಯರೇ, ಇಲ್ಲವೆನ್ನುವುದಿಲ್ಲ. ಆದರೆ ಮೆಲ್ಲಗೆ ಇನ್ನೊಂದು ಸಲ ಕೇಳಿ ನೋಡಿ. ಎಷ್ಟೋ ಮಕ್ಕಳಿಗೆ ಅಡ್ಡಿಯಾಗುವುದು ಪುಸ್ತಕವಲ್ಲ, ಬಸ್ ಚಾರ್ಜು. ಹಬ್ಬದ ವಾರ ದೂರದ ಖಾಸಗಿ ಬಸ್ಸುಗಳ ದರ ಏರಿ ಕೂರುತ್ತದೆ. ಅಪ್ಪನ ಹತ್ತಿರ ಮತ್ತೆ ಹಣ ಕೇಳುವುದು ಹೇಗೆ ಎಂದು ಹಾಸ್ಟೆಲ್ಲಿನಲ್ಲೇ ಉಳಿದುಬಿಡುವ ಮಕ್ಕಳಿದ್ದಾರೆ. ಬಂದೇ ಬರುತ್ತೇನೆಂದು ಎರಡು ವಾರ ರಾತ್ರಿ ಊಟ ಬಿಟ್ಟು ಚಾರ್ಜು ಹೊಂದಿಸುವವರೂ ಇದ್ದಾರೆ. ಇವೆರಡೂ ತಾಯಿಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಈ ಸಲದ ಮನೆವಾರ್ತೆಯಲ್ಲಿ ದಾರಿಖರ್ಚಿನ ಮಾತಾಡೋಣ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗೃಹಿಣಿಯರಿಗೆ ಮೊದಲು ಹೇಳಬೇಕಾದ ಮಾತೊಂದಿದೆ. ನಮ್ಮ ಮಕ್ಕಳ ಪ್ರಯಾಣದಲ್ಲಿ ಜೇಬು ಸುಡುವುದು ಬೆಂಗಳೂರಿನಿಂದ ಸಾಗರದವರೆಗಿನ ಮುನ್ನೂರೈವತ್ತು ಕಿಲೋಮೀಟರು ಅಲ್ಲ. ಪೇಟೆಯ ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಯ ಅಂಗಳದವರೆಗಿನ ಇಪ್ಪತ್ತು, ಮೂವತ್ತು ಕಿಲೋಮೀಟರು! ಊರಿನ ಕೊನೆಯ ಬಸ್ಸು ಹೋದ ಮೇಲೆ ಇಳಿದ ಹುಡುಗ ಆಟೊ ಮಾಡಿಕೊಂಡು ಬಂದರೆ, ರೈಲಿನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಹುಡುಗಿಯಾದರೆ ಹಣದ ಜೊತೆಗೆ ಭಯವೂ ಸೇರಿತು. ಅದಕ್ಕೇ ಪ್ರಯಾಣದ ಲೆಕ್ಕವನ್ನು ಕಾಲೇಜಿನ ಬಾಗಿಲಿನಿಂದ ಹಾಕಬೇಡಿ. ಮನೆಯ ಬಾಗಿಲಿನಿಂದ ಹಿಂದಕ್ಕೆ ಹಾಕಿ. ಊರಿಗೆ ಬರುವ ಬಸ್ಸು ಪೇಟೆ ಬಿಡುವುದು ಎಷ್ಟು ಗಂಟೆಗೆ? ಅದನ್ನು ಹಿಡಿಯಲು ಪೇಟೆಗೆ ಎಷ್ಟರೊಳಗೆ ಬಂದಿರಬೇಕು? ಇವೆರಡು ಗೊತ್ತಾದ ಮೇಲೆ ದೂರದ ಟಿಕೆಟ್ಟು ತೆಗೆಸಿ.

ಈ ಲೆಕ್ಕ ಲಿಂಗನಮಕ್ಕಿ ಹಿನ್ನೀರಿನ ತಾಯಂದಿರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಊರು, ಗದ್ದೆ, ತೋಟಗಳ ಜೊತೆಗೆ ರಸ್ತೆಗಳೂ ಮುಳುಗಿದವು. ತುಮರಿ, ಬ್ಯಾಕೋಡು ಕಡೆಯವರು ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಈಚೆ ದಡದಲ್ಲೇ ಉಳಿಯಬೇಕು, ಇಲ್ಲವೇ ಬಾಡಿಗೆ ವಾಹನದಲ್ಲಿ ಸುತ್ತಿ ಬಳಸಿ ಹೋಗಬೇಕು. ಬೇಸಿಗೆಯಲ್ಲಿ ನೀರಿಳಿದಾಗ ಹಸಿರುಮಕ್ಕಿಯ ಲಾಂಚ್ ನಿಂತೇ ಹೋಗುತ್ತಿತ್ತು. ದೊಡ್ಡ ರಜೆ ಬರುವುದೂ ಆಗಲೇ. ಬೆಂಗಳೂರಿನಿಂದ ಬರುವ ಮಗನಿಗೆ "ಲಾಂಚ್ ಹೊತ್ತಿಗೆ ಸರಿಯಾಗಿ ಬಾ" ಎನ್ನುವುದೇ ಆಶೀರ್ವಾದವಾಗಿತ್ತು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಹೆಚ್ಚು, ಸರಿಯಾಗಿ ಹೇಳಬೇಕೆಂದರೆ 2.44 ಕಿ.ಮೀ. ಉದ್ದದ್ದು. ಆರು ದಶಕ ಲಾಂಚಿನ ಗಂಟೆ ನೋಡಿ ಬದುಕಿದವರಿಗೆ ಇದು ಸಣ್ಣ ಮಾತಲ್ಲ. ಆದರೆ ಒಂದನ್ನು ಮರೆಯಬಾರದು. ಸೇತುವೆ ರಾತ್ರಿಯೂ ಇರುತ್ತದೆ, ಬಸ್ಸು ಇರುವುದಿಲ್ಲ. "ಸೇತುವೆ ಆಯ್ತಲ್ಲ, ಯಾವಾಗ ಬಂದ್ರೂ ಆಯ್ತು" ಎಂದು ಹೊರಟ ಮಕ್ಕಳು ಸಾಗರದಲ್ಲಿ ಕತ್ತಲಾದ ಮೇಲೆ ಇಳಿದರೆ ಕಥೆ ಹಳೆಯದೇ. ಲಾಂಚಿನ ಗಂಟೆ ಬಾಯಿಪಾಠವಿದ್ದ ಹಾಗೆ ಈಗ ಬಸ್ಸಿನ ಗಂಟೆ ಬಾಯಿಪಾಠವಿರಲಿ.

ಇನ್ನು ಹೆಣ್ಣುಮಕ್ಕಳ ಪ್ರಯಾಣ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ಟಿಗೆ ಹಣವಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಖಾಸಗಿ ಬಸ್ಸಿಗಂತೂ ಇಲ್ಲವೇ ಇಲ್ಲ.

ನಮ್ಮ ಮಲೆನಾಡಿನಲ್ಲಿ ತೊಡಕು ಬರುವುದು ಇಲ್ಲಿಯೇ. ಇಲ್ಲಿ ಒಳಊರುಗಳಿಗೆ ಹೋಗುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ತೀರ್ಥಹಳ್ಳಿ ಕಡೆಯ ಮಕ್ಕಳನ್ನೂ ವರ್ಷಗಟ್ಟಲೆ ಕಾಲೇಜು ಮುಟ್ಟಿಸಿದವು. 2020ರಲ್ಲಿ ಅದೂ ನಿಂತಿತು. ಹಾಗಾಗಿ ಮೈಸೂರಿನಿಂದ ಶಿವಮೊಗ್ಗದವರೆಗೆ ಪುಕ್ಕಟೆ ಬಂದ ಹುಡುಗಿ ಅಲ್ಲಿಂದ ಮುಂದೆ ಚಾರ್ಜು ಕೊಡಲೇಬೇಕಾಗಬಹುದು.

ಕೆಲವು ಮನೆಗಳಲ್ಲಿ ಒಂದು ರೂಢಿ ಕಾಣುತ್ತಿದೆ. ಮಗನಿಗೆ ಬಸ್ಸಿಗೆಂದು ಹಣ ಹೋಗುತ್ತದೆ. ಮಗಳಿಗೆ "ನಿಂಗೆ ಫ್ರೀ ಅಲ್ವೇನೇ?" ಎಂಬ ಉತ್ತರ ಹೋಗುತ್ತದೆ. ಇದು ಸರಿಯಲ್ಲ. ಸರ್ಕಾರಿ ಬಸ್ಸು ತುಂಬಿ ಬಂದು ನಿಲ್ಲಿಸದೆ ಹೋದರೆ? ದಾರಿಯಲ್ಲಿ ಕೆಟ್ಟು ನಿಂತರೆ? ಹೊತ್ತು ಮುಳುಗುವ ಮುಂಚೆ ಮನೆ ಸೇರಲು ಖಾಸಗಿ ಬಸ್ಸೇ ಹತ್ತಬೇಕಾದರೆ? ಕೈಯಲ್ಲಿ ಹಣವಿಲ್ಲದ ಹುಡುಗಿ ಮುಂದಿನ ಪುಕ್ಕಟೆ ಬಸ್ಸಿಗೆ ಕಾಯುತ್ತಾ ಬಸ್‌ಸ್ಟ್ಯಾಂಡಿನಲ್ಲಿ ಕತ್ತಲು ಮಾಡಿಕೊಳ್ಳುತ್ತಾಳೆ. ಟಿಕೆಟ್ಟು ಶೂನ್ಯವಿರಲಿ, ಮಗಳ ಪರ್ಸು ಶೂನ್ಯವಾಗಬಾರದು. ಊರವರೆಗಿನ ಪೂರ್ತಿ ಚಾರ್ಜು ಅವಳ ಹತ್ತಿರ ಬೇರೆಯಾಗಿ ಇರಲೇಬೇಕು. ಖರ್ಚಾಗದಿದ್ದರೆ ಮುಂದಿನ ರಜೆಗಾಯಿತು.

ಗಂಡುಮಕ್ಕಳಿಗೆ ದೂರದ ದಾರಿಗೆ ಅಗ್ಗವಾದದ್ದು ರೈಲು. ಶಿವಮೊಗ್ಗ–ತಾಳಗುಪ್ಪ ಹಳಿ ಸ್ವಾತಂತ್ರ್ಯಕ್ಕೆ ಮುಂಚಿನದು. ಒಂದು ಕಾಲದಲ್ಲಿ ಅಲ್ಲಿ ಓಡಿದ ಪುಟ್ಟ ರೈಲ್‌ಬಸ್ಸನ್ನು ನಿಮ್ಮಲ್ಲಿ ಅನೇಕರು ಹತ್ತಿರಲೂಬಹುದು. 2011ರಲ್ಲಿ ದೊಡ್ಡ ಹಳಿ ತಾಳಗುಪ್ಪ ತಲುಪಿದ ಮೇಲೆ ಬೆಂಗಳೂರು, ಮೈಸೂರಿಗೆ ನೇರ ಗಾಡಿಗಳಾದವು. ಮೈಸೂರಿನ ಒಂದು ಗಾಡಿಗೆ 2022ರಲ್ಲಿ ಕುವೆಂಪು ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು. ಕುವೆಂಪು ಅವರ ತೀರ್ಥಹಳ್ಳಿಗೆ ಮಾತ್ರ ರೈಲಿಲ್ಲ! ಅಲ್ಲಿಯವರು ಶಿವಮೊಗ್ಗದಲ್ಲಿಳಿದು ಅರವತ್ತು ಕಿಲೋಮೀಟರು ಬಸ್ಸಿನಲ್ಲೇ ಬರಬೇಕು. ರಿಪ್ಪನ್‌ಪೇಟೆ ಕಡೆಯವರಿಗೆ ಅರಸಾಳು ಹತ್ತಿರ, ಆದರೆ ಎಲ್ಲ ಗಾಡಿಯೂ ಅಲ್ಲಿ ನಿಲ್ಲುವುದಿಲ್ಲ. ಕೇಳಿಕೊಂಡೇ ಟಿಕೆಟ್ಟು ತೆಗೆಸಿ.

ರೈಲಿನ ವಿಷಯದಲ್ಲಿ ಬಹಳ ಮನೆಗಳಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ರಜೆಗೆ ಸ್ವಂತ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಸೆಕೆಂಡ್ ಕ್ಲಾಸ್ ಮತ್ತು ಸ್ಲೀಪರ್ ದರದಲ್ಲಿ ರಿಯಾಯಿತಿ ಉಂಟು. ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನೂರಕ್ಕೆ 75. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗಲೂ ವಿದ್ಯಾರ್ಥಿಗಳದ್ದು ಉಳಿಯಿತು. ಇದಕ್ಕೆ ಕಾಲೇಜಿನ ಮುಖ್ಯಸ್ಥರ ಸಹಿ, ಮೊಹರು ಇರುವ ರಿಯಾಯಿತಿ ಪತ್ರ ಬೇಕು. ಅದನ್ನು ರೈಲ್ವೆ ಕೌಂಟರಿನಲ್ಲೇ ಕೊಟ್ಟು ಟಿಕೆಟ್ಟು ತೆಗೆಯಬೇಕು. ಮೊಬೈಲಿನಲ್ಲಿ ಟಿಕೆಟ್ಟು ಮಾಡುವ ಮಕ್ಕಳಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ರಜೆ ಹತ್ತಿರ ಬಂದ ಮೇಲೆ ಕಾಲೇಜು ಆಫೀಸಿನಲ್ಲಿ ಸಹಿ ಸಿಕ್ಕುವುದು ಕಷ್ಟ. ತಿಂಗಳು ಮುಂಚೆಯೇ ಅರ್ಜಿ ಕೊಡಲು ಹೇಳಿ. ವಯಸ್ಸಿನ ಮಿತಿ ಮೊದಲಾದ ನಿಯಮಗಳನ್ನು ಕೌಂಟರಿನಲ್ಲೇ ವಿಚಾರಿಸಲಿ.

2024ರ ನವೆಂಬರ್ 1ರಿಂದ ರೈಲಿನ ರಿಸರ್ವೇಷನ್ನು 60 ದಿನ ಮುಂಚೆ ತೆರೆಯುತ್ತದೆ. ಕ್ಯಾಲೆಂಡರಿನಲ್ಲಿ ದೀಪಾವಳಿಗೆ ಗುರುತು ಹಾಕುವಾಗಲೇ ಅದಕ್ಕೆ ಎರಡು ತಿಂಗಳು ಹಿಂದಿನ ದಿನಕ್ಕೂ ಒಂದು ಗುರುತು ಹಾಕಿಡಿ. ಹೋಗುವ ಟಿಕೆಟ್ಟಿನ ಜೊತೆಗೆ ಹಿಂದಿರುಗುವುದಕ್ಕೂ ತೆಗೆಸಿ. ಹಬ್ಬ ಮುಗಿದ ಭಾನುವಾರ ಎಲ್ಲರ ಮಕ್ಕಳೂ ಒಟ್ಟಿಗೇ ಹೊರಡುತ್ತಾರೆ.

ಬಸ್ಸಿನಲ್ಲೇ ಬರಬೇಕಾದ ಹುಡುಗರಿಗೆ ಕೆ.ಎಸ್.ಆರ್.ಟಿ.ಸಿ.ಯಲ್ಲಿ ಎರಡು ಅನುಕೂಲಗಳಿವೆ. ಹೋಗಿಬರುವ ಎರಡೂ ಟಿಕೆಟ್ಟನ್ನು ಒಟ್ಟಿಗೇ ಕಾಯ್ದಿರಿಸಿದರೆ ಹಿಂದಿರುಗುವ ಟಿಕೆಟ್ಟಿನಲ್ಲಿ ನೂರಕ್ಕೆ 10 ಕಡಿಮೆ. ನಾಲ್ಕು ಅಥವಾ ಹೆಚ್ಚು ಮಂದಿ ಒಂದೇ ಟಿಕೆಟ್ಟಿನಲ್ಲಿ ಬಂದರೆ ನೂರಕ್ಕೆ 5 ಕಡಿಮೆ. 2025ರ ಜನವರಿಯಲ್ಲಿ ದರ ನೂರಕ್ಕೆ 15 ಏರಿರುವಾಗ ಇದೂ ಒಂದು ಆಸರೆಯೇ. ಒಂದೇ ಕಡೆಯ ಹುಡುಗರು ಜೊತೆಗೂಡಿ ಬಂದರೆ ಇನ್ನೊಂದು ಲಾಭವೂ ಇದೆ: ಕೊನೆಯ ಬಸ್ಸು ತಪ್ಪಿದರೂ ಆಟೊ ಬಾಡಿಗೆ ನಾಲ್ಕು ಪಾಲಾಗುತ್ತದೆ.

ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಓದುವವರು ಘಾಟಿ ಹತ್ತಿ ಬರಬೇಕು. ತೀರ್ಥಹಳ್ಳಿಗೆ ಆಗುಂಬೆ, ಹೊಸನಗರಕ್ಕೆ ಹುಲಿಕಲ್, ಸಾಗರಕ್ಕೆ ಹೊನ್ನಾವರದಿಂದ ಗೇರುಸೊಪ್ಪೆಯ ದಾರಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದಾಗುವುದುಂಟು. ಚೌತಿಗೆ ಬರುವ ಮಕ್ಕಳು ಹೊರಡುವ ಹಿಂದಿನ ದಿನ ಕಡ್ಡಾಯವಾಗಿ ವಿಚಾರಿಸಲಿ. ಸುತ್ತು ದಾರಿಯಾದರೆ ಎರಡು ಬಸ್ಸಿನ ಚಾರ್ಜು ಹೆಚ್ಚು ಬೇಕಾಗುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ.

ಒಂದು ಉದಾಹರಣೆ ಹೇಳುತ್ತೇನೆ. ತುಮರಿ ಕಡೆಯ ಹುಡುಗ ಮೈಸೂರಿನಲ್ಲಿ ಓದುತ್ತಾನೆ ಎನ್ನಿ. ಹಗಲಿನ ಬಸ್ಸು ಹಿಡಿದು, ಶಿವಮೊಗ್ಗದಲ್ಲಿ ಬದಲಿಸಿ, ಸಾಗರಕ್ಕೆ ರಾತ್ರಿ ತಲುಪಿದರೆ ಮುಂದೆ ಬಾಡಿಗೆ ವಾಹನವೇ ಗತಿ. ಅದರ ಬದಲು ಬೆಂಗಳೂರು ಮೇಲೆ ಬರುವ ರಾತ್ರಿ ರೈಲಿನಲ್ಲಿ ರಿಯಾಯಿತಿ ಪತ್ರದ ಸ್ಲೀಪರ್ ಟಿಕೆಟ್ಟು ಮಾಡಿಸಿದರೆ ಬೆಳಗಿನ ಜಾವ ಸಾಗರದ ಜಂಬಗಾರು ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಬೆಳಕು ಹರಿಯುವವರೆಗೆ ಸ್ಟೇಷನ್ನಿನಲ್ಲೇ ಕೂತು, ಬೆಳಗಿನ ಬಸ್ಸಿನಲ್ಲಿ ಸೇತುವೆ ದಾಟಿದರೆ ತಿಂಡಿಯ ಹೊತ್ತಿಗೆ ಮನೆ. ರಾತ್ರಿ ಉಳಿಯುವ ಖರ್ಚಿಲ್ಲ, ಬಾಡಿಗೆಯ ಖರ್ಚಿಲ್ಲ. ಮನೆ ಕಡೆಯಿಂದ ಲೆಕ್ಕ ಹಾಕುವುದೆಂದರೆ ಇಷ್ಟೇ.

ನಮ್ಮ ಕೈಯಲ್ಲಿರುವ ಮತ್ತೆರಡು ಉಳಿತಾಯಗಳಿವೆ. ಒಂದು ಬುತ್ತಿ. ದಾರಿಯ ಹೋಟೆಲಿನ ಎರಡು ಊಟದ ಹಣ ಸಣ್ಣದಲ್ಲ. ಹಿಂದಿರುಗುವಾಗ ಗೊಜ್ಜವಲಕ್ಕಿಯೋ, ಚಪಾತಿ ಮತ್ತು ಒಣ ಪಲ್ಯವೋ ಕಟ್ಟಿಕೊಡಿ. ಕಾಯಿ ಹಾಕಿದ್ದು ಬೇಗ ಹಳಸುತ್ತದೆ, ರಾತ್ರಿ ಪ್ರಯಾಣಕ್ಕೆ ಬೇಡ. ಇನ್ನೊಂದು ಹೊರೆ. ಪ್ರೀತಿಯಿಂದ ನಾವು ಉಪ್ಪಿನಕಾಯಿ, ಹಪ್ಪಳ, ಬಾಳೆಕಾಯಿ ಚಿಪ್ಸು, ತುಪ್ಪ ಎಲ್ಲ ತುಂಬಿ ಮೂರು ಚೀಲ ಮಾಡುತ್ತೇವೆ. ಮೂರು ಚೀಲ ಹಿಡಿದವರು ಬೆಂಗಳೂರಿನ ಸಿಟಿ ಬಸ್ಸು ಹತ್ತಲಾರರು, ಆಟೊ ಕರೆಯುತ್ತಾರೆ. ನಮ್ಮ ಹಪ್ಪಳಕ್ಕಿಂತ ಅದರ ಸಾಗಾಣಿಕೆಯೇ ದುಬಾರಿಯಾಯಿತು! ಬೆನ್ನಿನ ಚೀಲ ಒಂದು, ಕೈಚೀಲ ಒಂದು, ಅಷ್ಟು ಸಾಕು.

ಕೊನೆಯದಾಗಿ, ದಿನಸಿ ಹಣದಲ್ಲಿ ತಿಂಗಳಿಗೆ ಸ್ವಲ್ಪ ಸ್ವಲ್ಪವೇ ತೆಗೆದು ರಜೆಯ ಚಾರ್ಜಿಗೆಂದು ಬೇರೆ ಡಬ್ಬಿಯಲ್ಲಿಡಿ. ಹಾಗೆ ಇಟ್ಟಿರುವುದು ಮಕ್ಕಳಿಗೂ ಗೊತ್ತಿರಲಿ. ಕೇಳಿದರೆ ಮನೆಯಲ್ಲಿ ಕಷ್ಟವಾದೀತು ಎಂಬ ಅಳುಕು ಅವರಿಗಿರುವುದಿಲ್ಲ. ಫೋನಿನಲ್ಲಿ "ಹಬ್ಬಕ್ಕೆ ಬರ್ತೀಯೇನೋ?" ಎಂದು ಕೇಳಬೇಡಿ. "ಹೇಗೆ ಬರ್ತೀಯ? ಚಾರ್ಜಿಗೆ ಎಷ್ಟು ಕಳಿಸಲಿ?" ಎಂದು ಕೇಳಿ. ಹಾಗೆ ಕೇಳಿದರೆ ಓದು ಎಷ್ಟಿದ್ದರೂ ಮಕ್ಕಳು ಪುಸ್ತಕ ಚೀಲಕ್ಕೆ ಹಾಕಿಕೊಂಡೇ ಬಂದಾರು.